ಅಮ್ಮನ ಬಹುಮಾನಕ್ಕೆ ಬಂದ ಶುದ್ಧ ಪ್ರತಿಗಳು

ಜೂನ್ ೪

ಪ್ರೀತಿಯ ತಂಗಿಗೆ,

ಅಣ್ಣನಾದ ನಾನು ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಲ್ಲಿ ನನ್ನ ಮಂಡಿನೋವೊಂದನ್ನು ಹೊರತುಪಡಿಸಿ ಉಳಿದುದೆಲ್ಲವೂ ಸುಸ್ಥಿತಿಯಲ್ಲಿದ್ದು, ನಿನ್ನ ಸುಸ್ಥಿತಿಯ ಬಗ್ಗೆ ಬಹುಕಾಲದಿಂದ ಯಾವ ಮಾಹಿತಿಯೂ ಲಭ್ಯವಾಗಿರುವುದಿಲ್ಲ.

ಬರುವ ಸೆಪ್ಟೆಂಬರ್ ಇಪ್ಪತ್ತಕ್ಕೆ ಅಮ್ಮ ತೀರಿಕೊಂಡು ಒಂದು ವರ್ಷವಾಗುತ್ತದೆ. ಅವಳ ಟೈಪಿಂಗ್ ಶಾಲೆಯ ಎರಡು ಕೋಣೆಗಳ ಬೀಗವನ್ನು ಕಳೆದ ವಾರ ನಾನೇ ತೆಗೆದೆ. ಯಂತ್ರಗಳಿಗೆ ಹೊದಿಸಿದ್ದ ರೆಕ್ಸಿನ್ ಒಣಗಿ ಬಿರಿದಿದೆ. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿ ಹಾಗೆಯೇ ಇದೆ. ಕೆಲಸಕ್ಕೆಂದು ಟೈಪಿಂಗ್ ಕಲಿಯಲು ಬಂದವರಿಗೆ ಅಭ್ಯಾಸದ ವಾಕ್ಯಗಳನ್ನು ಕೊಡದೆ, "ಮನಸ್ಸಲ್ಲಿ ಏನಿದೆಯೋ ಅದನ್ನ ಹೊಡಿ" ಎಂದು ಹೇಳಿ, ಹೊಡೆದ ಹಾಳೆಯನ್ನು ತಪ್ಪುಗಳ ಸಮೇತ ಬಟ್ಟೆ ಕ್ಲಿಪ್ಪಿನಿಂದ ಆ ತಂತಿಗೆ ಸಿಕ್ಕಿಸುತ್ತಿದ್ದಳು. ತಪ್ಪನ್ನು ಪ್ರದರ್ಶನಕ್ಕಿಡುವ ಆ ಪದ್ಧತಿಯನ್ನು ನಾನು ಎಂದೂ ಅನುಮೋದಿಸಿದವನಲ್ಲ. ಆದರೂ ಆ ಕೋಣೆಗಳಿಂದ ಹೊರಬಿದ್ದವರಲ್ಲಿ ಕೆಲವರು ಬರೆಯುವವರಾದರೆಂಬುದನ್ನು ನಿರಾಕರಿಸುವಂತಿಲ್ಲ.

ಆದಕಾರಣ, ಇದುವರೆಗೆ ಒಂದು ಸಾಲನ್ನೂ ಪ್ರಕಟಿಸದವರಿಗಾಗಿ ಅಮ್ಮನ ಹೆಸರಿನಲ್ಲಿ ಒಂದು ಬಹುಮಾನವನ್ನು ಸ್ಥಾಪಿಸಿರುತ್ತೇನೆ. ಎಣ್ಣೆ ಹಾಕಿ, ರಿಬ್ಬನ್ ಬದಲಿಸಿದ ಅವಳ ಯಂತ್ರವೊಂದೇ ಬಹುಮಾನ. ಬಸ್ ನಿಲ್ದಾಣ, ಆಸ್ಪತ್ರೆ, ಲಾಂಡ್ರಿ, ಹೀಗೆ ಎಲ್ಲೆಡೆ ಪ್ರಕಟಣೆ ಅಂಟಿಸಿದೆ. ಹದಿನಾಲ್ಕು ಮಂದಿ ಬರಹ ಕೊಟ್ಟಿದ್ದಾರೆ. ಕಚೇರಿಯ ಮುಂದಿನ ಕಟ್ಟೆಯಲ್ಲಿ ಕುಳಿತು ಆಯುಷ್ಯವಿಡೀ ಪರರ ಅರ್ಜಿ ಬರೆದುಕೊಟ್ಟ ನಾನು ವ್ಯವಸ್ಥೆಗೆ ತಕ್ಕವನು, ತೀರ್ಪಿಗಲ್ಲ. ತೀರ್ಪುಗಾರಳಾಗಿ ನಿನ್ನನ್ನು ನೇಮಿಸಲಾಗಿದೆ. ಆಕ್ಷೇಪಣೆಗಳಿಗೆ ಅವಕಾಶವಿರುವುದಿಲ್ಲ.

ಇಂತು,
ನಿನ್ನ ಅಣ್ಣ


ಜೂನ್ ೧೫

ಅಣ್ಣ,

ನಿನ್ನ ಕಾಗದವನ್ನ ನಮ್ಮ ದುರಸ್ತಿ ಕೋಣೆಯಲ್ಲಿ ಜೋರಾಗಿ ಓದಿದೆ. ಮೇಸ್ತ್ರಿ ಅಂಟಿನ ಕುಂಚ ಕೆಳಗಿಟ್ಟು, "ಇದು ನಿಮ್ಮಣ್ಣ ಬರೆದಿದ್ದಾ, ಮುನಿಸಿಪಾಲಿಟಿ ನೋಟೀಸಾ?" ಅಂದ. ನಮ್ಮಣ್ಣ ಪ್ರೀತಿ ಮಾಡೋದೇ ಹೀಗೆ ಅಂದೆ.

ನೇಮಕ ಒಪ್ಪಿದ್ದೇನೆ. ಆದರೆ ಒಂದು ಮಾತು. ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಾ ಇಷ್ಟು ವರ್ಷ ಕಳೆದವಳು ನಾನು. ಯಾವ ಪುಸ್ತಕ ಬಂದರೂ ಮೊದಲ ಹಾಳೆಗಳು ಚಿಂದಿಯಾಗಿರುತ್ತವೆ, ಕೊನೆಯವು ಹೊಸದಾಗೇ ಇರುತ್ತವೆ. ಜನ ಶುರು ಮಾಡಿ ಬಿಟ್ಟುಬಿಡ್ತಾರೆ. ನಾನೂ ಈಗ ಹಾಗೇ ಆಗಿದ್ದೀನಿ. ಅಮ್ಮ ಹೋದಮೇಲೆ ಏನು ಓದೋಕೆ ಕೂತರೂ ನಾಲ್ಕು ಪುಟ ಆಗೋಷ್ಟರಲ್ಲಿ ಎದ್ದು ಓಡಾಡ್ತೀನಿ. ಕಿಟಕಿ ತೆಗೀತೀನಿ, ಹಾಕ್ತೀನಿ. ಪಕ್ಕದ ಮನೆಯವರು "ನಿಮ್ಮ ಮನೇಲಿ ಯಾರಾದ್ರೂ ವಾಕಿಂಗ್ ಹೋಗ್ತಾರಾ ರಾತ್ರಿ ಹಗಲು?" ಅಂತ ಕೇಳಿದರು.

ನೋಡೋಣ. ಈ ಹದಿನಾಲ್ಕು ಜನರಲ್ಲಿ ಒಬ್ಬರಾದರೂ ನನ್ನನ್ನ ಕೂರಿಸಬಹುದು. ಬೇಗ ಕಳಿಸು.

ಚೂಟಿ


ಜುಲೈ ೨

ಪ್ರೀತಿಯ ತಂಗಿಗೆ,

ಮುನಿಸಿಪಾಲಿಟಿಯವರ ಬರಹ ಇಷ್ಟು ಚೆನ್ನಾಗಿದ್ದಿದ್ದರೆ ಊರು ಎಂದೋ ಉದ್ಧಾರವಾಗುತ್ತಿತ್ತೆಂದು ನಿನ್ನ ಮೇಸ್ತ್ರಿಗೆ ತಿಳಿಸತಕ್ಕದ್ದು.

ಹದಿನಾಲ್ಕು ಬರಹಗಳನ್ನೂ ಇದರೊಂದಿಗೆ ರವಾನಿಸಿರುತ್ತೇನೆ. ಬಂದ ಸ್ಥಿತಿಯಲ್ಲೇ ಕಳುಹಿಸುವುದು ಸಾಧ್ಯವಿರಲಿಲ್ಲ. ಲಾಂಡ್ರಿಯವನು ಇಸ್ತ್ರಿ ಬಟ್ಟೆ ಸುತ್ತುವ ಕಾಗದದ ಮೇಲೆ ಬರೆದಿದ್ದ. ಗೋದಾಮಿನ ಕಾವಲುಗಾರ ಔಷಧಿ ಚೀಟಿಗಳ ಹಿಂದೆ. ಬಸ್ ಕಂಡಕ್ಟರ್ ಹೆಂಗಸೊಬ್ಬಳು ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ, ಬಸ್ಸಿನ ಕುಲುಕಾಟದ ಸಮೇತ. ಕೈಬರಹದಿಂದ ಬರೆದವರ ಓದು, ಅಂತಸ್ತುಗಳು ತೀರ್ಪುಗಾರರಿಗೆ ತಿಳಿಯಬಾರದೆಂಬ ಸದುದ್ದೇಶದಿಂದ ಎಲ್ಲವನ್ನೂ ನಾನೇ ಶುದ್ಧ ಪ್ರತಿ ಮಾಡಿರುತ್ತೇನೆ. ಕರಡುಗಳ ವಿಷಯದಲ್ಲಿ ನಮ್ಮ ಅರ್ಜಿ ಕಟ್ಟೆಯ ಪದ್ಧತಿಯನ್ನು ಪಾಲಿಸಲಾಗಿದೆ.

ಆ ಕಂಡಕ್ಟರ್ ಬರಹ ಕೊಡಲು ಬಂದಾಗ ಬಾಗಿಲಲ್ಲೇ ನಿಂತು, "ಸಾರ್, ಚೆನ್ನಾಗಿಲ್ಲದಿದ್ರೆ ಮುಖದ ಮೇಲೆ ಹೇಳಿಬಿಡಿ. ಇಷ್ಟಕ್ಕೇ ನಿಲ್ಲಿಸ್ತೀನಿ. ಊಟದ ಹೊತ್ತಲ್ಲಿ ಒಂದು ನಿದ್ದೆಯಾದ್ರೂ ಆಗುತ್ತೆ" ಎಂದಳು. ಹೊಸಬರ ಮನಸ್ಸು ಎಷ್ಟು ಸಣ್ಣ ದಾರದಲ್ಲಿ ತೂಗುತ್ತಿರುತ್ತದೆಂಬುದನ್ನು ಗಮನದಲ್ಲಿಟ್ಟು ತ್ವರಿತವಾಗಿ ತೀರ್ಪು ನೀಡುವುದು.

ಅಣ್ಣ


ಜುಲೈ ೨೪

ಅಣ್ಣ,

ಎಲ್ಲವನ್ನೂ ಓದಿದೆ. ಈ ವರ್ಷ ಯಾರಿಗೂ ಕೊಡುವುದು ಬೇಡ. ಯಂತ್ರ ಮುಂದಿನ ವರ್ಷಕ್ಕಿರಲಿ. ಯಾಕೆ ಅಂತ ಕೇಳಬೇಡ.

ಮಂಡಿಗೆ ಬಿಸಿ ಶಾಖ ಕೊಡು.

ಚೂಟಿ


ಜುಲೈ ೩೦

ತಂಗಿಗೆ,

ನಿನ್ನ ಐದು ಸಾಲಿನ ಆದೇಶ ತಲುಪಿತು. ಮರಣದಂಡನೆಗೂ ಇದಕ್ಕಿಂತ ಹೆಚ್ಚಿನ ಕಾರಣಗಳನ್ನು ನಮೂದಿಸುತ್ತಾರೆ.

ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕುಳಿತು ದೊಡ್ಡವರ ಪುಸ್ತಕಗಳ ಬೆನ್ನು ತಡವುತ್ತಾ, ಬಸ್ಸಿನಲ್ಲಿ ಟಿಕೆಟ್ ಹರಿಯುವವಳ, ಬಟ್ಟೆ ತಿಕ್ಕುವವನ ಮಾತು ನಿನ್ನ ಕಿವಿಗೆ ಬೀಳದಂತಾಗಿದೆಯೆಂದು ಭಾವಿಸದೆ ಗತ್ಯಂತರವಿಲ್ಲ. ಅಮ್ಮನ ಮಗಳಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಬಹುಮಾನ ಕೊಡುವ ಸಭೆಯ ದಿನಾಂಕವನ್ನು ಎಲ್ಲರಿಗೂ ತಿಳಿಸಿಯಾಗಿದೆ, ಕೋಣೆಗಳಿಗೆ ಸುಣ್ಣ ಬಳಿಸಿಯಾಗಿದೆ. ಕಂಡಕ್ಟರ್ ವಾರಕ್ಕೊಮ್ಮೆ ಬಸ್ಸನ್ನು ನಮ್ಮ ತಿರುವಿನಲ್ಲಿ ನಿಲ್ಲಿಸಿಕೊಂಡು ಮೆಟ್ಟಿಲ ಮೇಲಿಂದಲೇ, "ಬಂತಾ ಸಾರ್?" ಎಂದು ಕೂಗುತ್ತಾಳೆ. ನಿನ್ನೆಯೂ ಕೂಗಿದಳು. ನಾನು ಕಿಟಕಿಯಿಂದ ಹಿಂದೆ ಸರಿದು ನಿಂತೆ. ಈ ವಯಸ್ಸಿನಲ್ಲಿ ಪರದೆಯ ಹಿಂದೆ ಅವಿತುಕೊಳ್ಳುವ ಸ್ಥಿತಿ ನಿನ್ನಿಂದಾಗಿ ಒದಗಿತು.

ಕಾರಣವನ್ನು ಲಿಖಿತವಾಗಿ ನೀಡತಕ್ಕದ್ದು.

ಅಣ್ಣ


ಆಗಸ್ಟ್ ೮

ಅಣ್ಣ,

ಲಿಖಿತವಾಗಿ ಬೇಕಾ? ತಗೋ.

ನೀನು ಕಳಿಸಿದ್ದು ಹದಿನಾಲ್ಕು ಜನರ ಬರಹ ಅಲ್ಲ. ಒಬ್ಬನದೇ. ಆ ಒಬ್ಬ ಹದಿನಾಲ್ಕು ಸಲ ಕೈಮುಗಿದು ನಿಂತಿದ್ದಾನೆ. ಒಂದರಲ್ಲಿ ಐದು ವರ್ಷದ ಹುಡುಗಿ ಅಪ್ಪನಿಗೆ "ತಾವು ದಯಮಾಡಿ ನನ್ನನ್ನು ಎತ್ತಿಕೊಳ್ಳಬೇಕಾಗಿ ವಿನಂತಿ" ಅಂತಾಳೆ. ಯಾವ ಮಗು ಅಣ್ಣ ಹಾಗೆ ಮಾತಾಡುತ್ತೆ? ಇನ್ನೊಂದು ಅತ್ತೆ ಸೊಸೆಯದು. "ಪೂಜ್ಯ ಅತ್ತೆಯವರಿಗೂ ಅವರ ಸೊಸೆಯಾದ ನನಗೂ ಪರಸ್ಪರ ಅಸಮಾಧಾನವಿದ್ದಿತೆಂಬುದು ಸತ್ಯಸಂಗತಿಯಾಗಿರುತ್ತದೆ." ಕಥೆ ಪೂರ್ತಿ ಬಸ್ಸಿನಲ್ಲೇ ನಡೆಯುತ್ತೆ, ಇದು ನಿನ್ನ ಕಂಡಕ್ಟರ್‌ದೇ ಇರಬೇಕು. ಆ ಹೆಂಗಸು ಮೆಟ್ಟಿಲ ಮೇಲಿಂದ ಕೂಗೋದನ್ನ ನಿನ್ನ ಕಾಗದದಲ್ಲಿ ಓದಿದಾಗ ಎಷ್ಟು ಜೀವ ಇತ್ತು! ಅವಳ ಕಥೆಯಲ್ಲಿ ಅವಳೇ ಇಲ್ಲ.

ಮೊದಲ ಪುಟದಲ್ಲೇ ನಿನ್ನ ಕೈ ಗುರುತಿಸಿದ್ದೆ. ಹೇಳಿದರೆ ನಿನಗೆ ನೋವಾಗುತ್ತೆ ಅಂತ ಯಾರಿಗೂ ಬೇಡ ಅಂದುಬಿಟ್ಟೆ. ಅದು ಹೇಡಿತನ. ನಿನ್ನನ್ನ ಉಳಿಸೋಕೆ ಹೋಗಿ ಹದಿನಾಲ್ಕು ಜನರನ್ನ ತಳ್ಳಿದೆ.

ಅವರು ಬರೆದದ್ದನ್ನ, ಬರೆದ ಹಾಗೇ ಕಳಿಸು. ಇಸ್ತ್ರಿ ಕಾಗದವೋ, ಔಷಧಿ ಚೀಟಿಯೋ. ಅದಿಲ್ಲದೆ ನಾನು ತೀರ್ಪು ಕೊಡಲ್ಲ.

ಚೂಟಿ


ಆಗಸ್ಟ್ ೧೭

ತಂಗಿಗೆ,

ಮೂಲಗಳನ್ನು ಕಳುಹಿಸಲಾಗುವುದಿಲ್ಲ.

ನನ್ನ ಬರಹವನ್ನು ಕುರಿತು ನೀನಾಡಿದ ಮಾತುಗಳಿಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲ. ಆದರೂ ಒಂದು ಸಂಗತಿಯನ್ನು ದಾಖಲಿಸಬಯಸುತ್ತೇನೆ. ಇದನ್ನು ನಾನು ಈವರೆಗೆ ಯಾರ ಬಳಿಯೂ ಆಡಿಲ್ಲ.

ಅಪ್ಪ ಹೋದ ವರ್ಷ. ನಾನು ಮೂರನೆಯ ತರಗತಿ, ನೀನು ಅಮ್ಮನ ಸೊಂಟದ ಮೇಲೆ. ಟೈಪಿಂಗ್ ಶಾಲೆ ತೆರೆಯಲು ಅನುಮತಿ ಕೋರಿ ಅಮ್ಮ ತಾನೇ, ತನ್ನದೇ ಮಾತಿನಲ್ಲಿ ಅರ್ಜಿ ಬರೆದು ಕಚೇರಿಗೆ ಒಯ್ದಳು. ಗುಮಾಸ್ತ ಅದನ್ನು ಎತ್ತಿ ಹಿಡಿದು ಇಡೀ ಕೋಣೆಗೆ ಕೇಳುವಂತೆ ಓದಿದ. ಕೋಣೆ ನಕ್ಕಿತು. ಪಕ್ಕದ ಮೇಜಿನವನು ಬಂದು ಇಣುಕಿದ, ಅವನೂ ನಕ್ಕ. ದೊಡ್ಡ ಗುಮಾಸ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಮ್ಮ ಏನು ಬರೆದಿದ್ದಳೆಂಬುದು ನನಗೆ ನೆನಪಿಲ್ಲ. ಅವರ ಹಲ್ಲುಗಳು ನೆನಪಿವೆ.

ಯಾರೂ ನಗಲಾಗದಂಥ ವಾಕ್ಯವನ್ನು ಬರೆಯಲು ಕಲಿಯಬೇಕೆಂದು ಅಂದೇ ನಿಶ್ಚಯಿಸಿದೆ. ಕಟ್ಟೆಯ ಹಿರಿಯರ ಅರ್ಜಿಗಳನ್ನು ನಕಲು ಮಾಡಿ ಮಾಡಿ ಕಲಿತೆ. ಕಣ್ಣೀರು ಸುರಿಸುತ್ತಾ ಬಂದ ಎಷ್ಟೋ ಮಂದಿಯ ಅಡ್ಡಾದಿಡ್ಡಿ ಮಾತಿಗೆ ನಾನು ಕೋಟು ತೊಡಿಸಿ ಒಳಗೆ ಕಳುಹಿಸಿದ್ದೇನೆ. ಅವರಲ್ಲಿ ಒಬ್ಬರನ್ನು ನೋಡಿಯೂ ಯಾರೂ ನಕ್ಕಿಲ್ಲ. ಅಮ್ಮನ ಹೆಸರಿನ ಬಹುಮಾನಕ್ಕೆ ಬಂದವರನ್ನು ನಾನು ಬರಿ ಮೈಯಲ್ಲಿ ನಿಲ್ಲಿಸಬೇಕಿತ್ತೇ?

ಅಣ್ಣ


ಆಗಸ್ಟ್ ೨೫

ಅಣ್ಣ,

ನಿನ್ನ ಕಾಗದ ಓದಿ ಕೆಲಸದ ಮಧ್ಯೆ ಎದ್ದು ಹೊರಗೆ ಹೋದೆ. ಬೀದಿಯಲ್ಲಿ ಮೂರು ಸುತ್ತು ಹಾಕಿ ಬಂದರೂ ಕೂರೋಕಾಗಲಿಲ್ಲ.

ಈ ಕಥೆ ನನಗೆ ಗೊತ್ತು. ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಅವಳು ಹೇಳುತ್ತಿದ್ದ ಕಥೆ ಬೇರೆ.

ಯಂತ್ರದ ಸದ್ದಿಗೆ ಅಕ್ಕಪಕ್ಕದವರು ಮೊದಲೇ ತಕರಾರು ತೆಗೆದಿದ್ದರಂತೆ. ಅಮ್ಮ ಅರ್ಜಿಯಲ್ಲಿ ಬರೆದದ್ದು ಇದು: "ನನ್ನ ಗಂಡ ಇದ್ದಾಗ ಅವರ ಗೊರಕೆಯ ಮೇಲೂ ಇವರೇ ದೂರು ಹೇಳಿದ್ದರು. ಅವರು ಹೋದಮೇಲೆ ಬೀದಿ ಬಿಕೋ ಅನ್ನುತ್ತದೆ ಎಂದು ಅತ್ತವರೂ ಇವರೇ. ಆದ್ದರಿಂದ ಇವರಿಗೆ ಸ್ವಲ್ಪ ಸದ್ದು ಬೇಕಾಗಿದೆ." ಗುಮಾಸ್ತರು ನಕ್ಕರು, ಅವತ್ತೇ ಸಹಿ ಹಾಕಿದರು. "ನಗಿಸೋಕೇ ಬರೆದಿದ್ದೆ ಕಣೆ" ಅಂತಿದ್ದಳು. "ಅಳೋ ಅರ್ಜಿ ಅವರು ದಿನಾ ನೋಡ್ತಾರೆ. ಎಲ್ಲಿ ನಗದೇ ಬಿಡ್ತಾರೋ ಅಂತ ಉಸಿರು ಬಿಗಿಹಿಡಿದು ನಿಂತಿದ್ದೆ."

ಇದನ್ನ ನಿನ್ನ ಸಮಾಧಾನಕ್ಕೆ ಕಟ್ಟಿ ಹೇಳ್ತಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಲ್ಲ. ಅವಳು ಹೇಳುವಾಗ ಆ ಕಥೆಯಲ್ಲಿ ನೀನು ಇರುತ್ತಿರಲಿಲ್ಲ. ನೀನೂ ಅಲ್ಲಿದ್ದೆ ಅಂತ ನನಗೆ ಗೊತ್ತಾಗಿದ್ದು ಈಗ.

ಕಂಡಕ್ಟರ್‌ದಾದರೂ ಕಳಿಸು ಅಣ್ಣ. ಒಂದೇ ಒಂದು.

ಚೂಟಿ


ಸೆಪ್ಟೆಂಬರ್ ೬

ಅಣ್ಣ,

ಕೋಪ ಬಂದಿದ್ದರೆ ಬೈದು ಬರಿ. ಬರೆಯದೇ ಇರಬೇಡ. ಅಂಚೆಯವನು ನನ್ನನ್ನ ದೂರದಿಂದ ಕಂಡರೇ ಕೈ ಅಲ್ಲಾಡಿಸುತ್ತಿದ್ದಾನೆ.

ಚೂಟಿ


ಸೆಪ್ಟೆಂಬರ್ ೯

ಪ್ರೀತಿಯ ತಂಗಿಗೆ,

ಕೋಪವಲ್ಲ. ಬಸ್ಸಿನಲ್ಲಿದ್ದೆ. ವಿವರಿಸುತ್ತೇನೆ.

ಶುದ್ಧ ಪ್ರತಿ ಸಿದ್ಧವಾದೊಡನೆ ಕರಡನ್ನು ಹರಿದುಹಾಕುವುದು ನಮ್ಮ ಕಟ್ಟೆಯ ಪದ್ಧತಿ. ಒಂದೇ ಸಂಗತಿಗೆ ಎರಡು ಪ್ರತಿಗಳು ಉಳಿದು, ಒಂದರ ಮಾತು ಇನ್ನೊಂದಕ್ಕೆ ಹೊಂದದೆ ಹೋದರೆ ಕಚೇರಿಯವರು ಎರಡನ್ನೂ ತಳ್ಳಿಹಾಕುತ್ತಾರೆ. ಆದ್ದರಿಂದ ಅರ್ಜಿದಾರನ ಎದುರಿಗೇ ಹರಿಯುತ್ತೇವೆ. ಹದಿನಾಲ್ಕು ಬರಹಗಳನ್ನೂ ಹಾಗೆಯೇ ಹರಿದಿರುತ್ತೇನೆ. ಈ ಸಲ ಎದುರಿಗೂ ಅಲ್ಲ. ಕಳುಹಿಸಲಾಗುವುದಿಲ್ಲವೆಂದು ನಾನು ಬರೆದದ್ದು ಹಟದಿಂದ ಎಂದು ನೀನು ತಿಳಿದೆ. ಹಾಗೆ ತಿಳಿಯಲೆಂದೇ ಬರೆದಿದ್ದೆ. ಕಳುಹಿಸಲು ಏನೂ ಇರಲಿಲ್ಲ.

ನಿನ್ನ ಪತ್ರ ಬಂದಮೇಲೆ ಎರಡು ದಿನ ಮನೆಯಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಮೂರನೆಯ ದಿನ ಶುದ್ಧ ಪ್ರತಿಯ ಕಾರ್ಬನ್ ನಕಲನ್ನು ಜೇಬಿನಲ್ಲಿಟ್ಟುಕೊಂಡು ಆ ಕಂಡಕ್ಟರ್ ಇರುವ ಬಸ್ಸು ಹತ್ತಿದೆ.

"ಏನ್ ಸಾರ್, ಬಂತಾ?"

"ಇಲ್ಲ. ನಿಮ್ಮ ಬರಹ ಇನ್ನೊಮ್ಮೆ ಬೇಕಾಗಿದೆ."

"ಕೊಟ್ಟಿದ್ನಲ್ಲ."

"ಅದನ್ನು ಹರಿದೆ."

ಟಿಕೆಟ್ ಕೊಡುತ್ತಿದ್ದ ಕೈ ನಿಂತಿತು. "ಯಾಕೆ? ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ, ಚೆನ್ನಾಗಿಯೇ ಇತ್ತು."

"ಚೆನ್ನಾಗಿದ್ದಿದ್ದನ್ನ ಹರಿದ್ರಾ? ಹೀಗಾ ನೀವು ಬಹುಮಾನ ಕೊಡೋದು?"

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಕುತ್ತಿಗೆ ಚಾಚಿ, "ಏನಮ್ಮಾ ಗಲಾಟೆ, ಚಿಲ್ಲರೆ ಕೊಡಲಿಲ್ವಾ?" ಎಂದು ಕೇಳಿದಳು.

"ಚಿಲ್ಲರೆ ಅಲ್ಲಜ್ಜಿ. ನಮ್ಮತ್ತೇನ ಹರಿದುಹಾಕಿದ್ದಾರೆ!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾನು ಜೇಬಿನ ನಕಲನ್ನು ತೆಗೆದು ಕೊಟ್ಟೆ. ಎರಡು ಸಾಲು ಓದಿ ಹಿಂದಿರುಗಿಸಿದಳು. "ಇದು ಯಾರ ಅತ್ತೆ? ನಮ್ಮತ್ತೆ ಇದನ್ನ ಓದಿದ್ರೆ ನನಗೆ ಜ್ವರ ನೆತ್ತಿಗೇರಿದೆ ಅಂದ್ಕೊತಿದ್ಲು." ಅನಂತರ ನನ್ನ ಮುಖ ನೋಡದೆ, "ನಾನು ಮತ್ತೆ ಬರೆಯಲ್ಲ ಸಾರ್. ಒಂದ್ಸಲ ಬರೆದಾಯ್ತು" ಎಂದಳು.

ಕೊನೆಯ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. ಮರುದಿನವೂ ಹೋದೆ, ಅದರ ಮರುದಿನವೂ. ಅವಳು ಟಿಕೆಟ್ ಕೊಡುವಳು, ಮಾತು ಕೊಡಳು. ಮೊನ್ನೆ ಬಸ್ಸು ಖಾಲಿಯಾದ ಹೊತ್ತಿನಲ್ಲಿ ಎದುರಿನ ಸೀಟಿನಲ್ಲಿ ಬಂದು ಕುಳಿತು, "ನಮ್ಮತ್ತೇನೂ ಹೀಗೇ ಕೂತಿರ್ತಿದ್ಲು. ನೋಡಿದ್ರೆ ಕಿರಿಕಿರಿ ಆಗುತ್ತೆ" ಎಂದಳು. "ನಾನು ಬಾಯಲ್ಲಿ ಹೇಳ್ತೀನಿ, ನೀವು ಬರ್ಕೊಳ್ಳಿ. ಒಂದಕ್ಷರ ಆಚೀಚೆ ಮಾಡಿದ್ರೆ ಮುಂದಿನ ಸ್ಟಾಪಲ್ಲಿ ಇಳಿಸ್ತೀನಿ."

ಬರೆದುಕೊಂಡೆ. "ಅತ್ತೆ" ಎಂದು ಅವಳೆಂದರೆ ನನ್ನ ಕೈ ತಾನಾಗಿ "ಪೂಜ್ಯ" ಎಂದು ಶುರುಮಾಡುತ್ತಿತ್ತು. ಹೊಡೆದುಹಾಕಿದ ಗುರುತುಗಳನ್ನು ನೀನು ನೋಡುವೆ. ಒಂದಕ್ಷರವನ್ನೂ ಬಿಡುವಂತಿಲ್ಲವಾದುದರಿಂದ ನಡುನಡುವೆ ಅವಳು ಪ್ರಯಾಣಿಕರಿಗೆ ಹೇಳಿದ "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂಬುದೂ ದಾಖಲಾಗಿದೆ. ಅದನ್ನು ಬಿಡುವುದೋ ಇಡುವುದೋ ನಿನ್ನ ವಿವೇಚನೆಗೆ ಸೇರಿದ್ದು.

ಹರಿದದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅದರಲ್ಲಿ ಬಸ್ಸಿನ ಕಿಟಕಿಯ ಗಾಜನ್ನು ಕುರಿತು ಒಂದು ಮಾತಿತ್ತು. ಅದು ಅವಳಿಗೂ ನೆನಪಾಗಲಿಲ್ಲ, ನನಗೂ ಪೂರ್ತಿ ನೆನಪಿಲ್ಲ. ಆ ಗಾಜಿನ ಮಾತು ಈಗ ಎಲ್ಲಿಯೂ ಇಲ್ಲ.

ಅಣ್ಣ


ಸೆಪ್ಟೆಂಬರ್ ೧೪

ಅಣ್ಣ,

"ನಮ್ಮತ್ತೆಗೆ ನನ್ನ ಕಂಡರೆ ಆಗ್ತಿರಲಿಲ್ಲ. ನನಗೂ ಅವಳನ್ನ ಕಂಡರೆ ಆಗ್ತಿರಲಿಲ್ಲ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಮನೆಯವರು."

ಇಷ್ಟು ಓದಿ ಎಷ್ಟು ಜೋರಾಗಿ ನಕ್ಕೆ ಅಂದರೆ ಮೇಸ್ತ್ರಿ ಅಂಟಿನ ಡಬ್ಬಿ ಬೀಳಿಸಿದ. ಆಮೇಲೆ ಅವನಿಗೂ ಓದಿ ಹೇಳಿದೆ. ಮನೆಯಲ್ಲಿ ಸೊಸೆಯ ಜೊತೆ ಮಾತು ಬಿಟ್ಟ ಅತ್ತೆ, ದಿನಾ ಅವಳ ಬಸ್ಸಿಗೇ ಹತ್ತಿ, ಟಿಕೆಟ್ ತಗೊಂಡು, ಕೊನೇ ಸ್ಟಾಪಿನ ತನಕ ಹೋಗಿ ವಾಪಸ್ ಬರೋದು, "ಎಲ್ಲಿಗೆ?" ಅಂತ ಸೊಸೆ ಕೇಳಲೇಬೇಕು, ಅದು ಡ್ಯೂಟಿ, ಅತ್ತೆ ಉತ್ತರ ಕೊಡಲೇಬೇಕು, ಇಬ್ಬರ ನಡುವೆ ಉಳಿದ ಮಾತು ಅದೊಂದೇ. ಮೇಸ್ತ್ರಿ ಮೊದಲು ನಕ್ಕ, ಕೊನೆಗೆ ಎದ್ದು ಹೋಗಿ ಕೈ ತೊಳೆದುಕೊಂಡ. ಕೈಯಲ್ಲಿ ಅಂಟೇನೂ ಇರಲಿಲ್ಲ.

"ಮುಂದೆ ಹೋಗಿ, ಒಳಗೆ ಜಾಗ ಇದೆ" ಹಾಗೇ ಇರಲಿ. ಅದನ್ನ ತೆಗೆದರೆ ಬಸ್ಸು ನಿಂತುಹೋಗುತ್ತೆ.

ಬಹುಮಾನ ಅವಳಿಗೆ. ಆದರೆ ಬೇರೆ ಹದಿಮೂರು ಜನರನ್ನ ನಾನು ಓದಿಲ್ಲ ಅನ್ನೋದನ್ನ ಸಭೆಯಲ್ಲಿ ಹೇಳು. ಅದನ್ನ ನಿನ್ನ ಭಾಷೆಯಲ್ಲಿ ಸುತ್ತಿ ಇಡಬೇಡ.

ನನಗೆ ರಜೆ ಸಿಗಲಿಲ್ಲ. ಏನೇನಾಯ್ತು ಎಲ್ಲಾ ಬರಿ.

ಚೂಟಿ


ಸೆಪ್ಟೆಂಬರ್ ೨೨

ಪ್ರೀತಿಯ ತಂಗಿಗೆ,

ಸಭೆ ನಡೆಯಿತು. ಕುರ್ಚಿ ಸಾಲದೆ ಕೆಲವರು ಯಂತ್ರಗಳ ಮೇಜಿನ ಮೇಲೆಯೇ ಕುಳಿತರು. ನೀನು ಹೇಳಿದಂತೆ ಹೇಳಿದೆ: ಹದಿನಾಲ್ಕು ಬರಹಗಳನ್ನೂ ನಾನು ಹ​ರಿದೆ, ತೀರ್ಪುಗಾರರು ಹದಿಮೂರನ್ನು ಓದಿಲ್ಲ, ತಪ್ಪು ನನ್ನದು. ಇಷ್ಟೇ ಮಾತು. ಇದಕ್ಕಿಂತ ಚಿಕ್ಕದಾಗಿ ನಾನು ಹಿಂದೆಂದೂ ಏನನ್ನೂ ನಿವೇದಿಸಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬಾರದಿತ್ತು ಕೂಡ.

ಕಂಡಕ್ಟರ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ತಾನೇ ಓದಿದಳು. ಮೂರನೆಯ ವಾಕ್ಯಕ್ಕೆ ಕೋಣೆ ನಕ್ಕಿತು. ಎದ್ದು ಎಲ್ಲರನ್ನೂ ಸುಮ್ಮನಿರಿಸಬೇಕೆನ್ನಿಸಿ ಅರ್ಧ ಎದ್ದೂ ಬಿಟ್ಟೆ. ಆಗ ಅವಳ ಕಡೆ ನೋಡಿದೆ. ಹಾಳೆಯ ಮೇಲೆ ಬೆರಳಿಟ್ಟುಕೊಂಡು, ಜನ ಹತ್ತಿ ಮುಗಿಯಲೆಂದು ಬಸ್ಸಿನಲ್ಲಿ ಕಾಯುವಂತೆ, ನಗು ಮುಗಿಯಲೆಂದು ಕಾಯುತ್ತಿದ್ದಳು. ನಾನು ಕುಳಿತುಕೊಂಡೆ.

ಅಮ್ಮ ನಿನಗೆ ಹೇಳಿದ್ದು ನಿಜವೋ, ತನ್ನ ಅಳು ಮರೆಮಾಚಲು ಮಗಳಿಗೆಂದು ಆಮೇಲೆ ಕಟ್ಟಿದ್ದೋ, ಈಗ ಕೇಳಲು ಯಾರೂ ಇಲ್ಲ. ಅಂದು ನಾನು ಅಮ್ಮನ ಮುಖ ನೋಡಿರಲಿಲ್ಲ ಎಂಬುದಷ್ಟೇ ನನಗೆ ಖಚಿತ.

ಯಂತ್ರವನ್ನು ಅವಳೇ ಎತ್ತಿಕೊಂಡು ಹೋಗಿ ಕೊನೆಯ ಬಸ್ಸಿಗೆ ಹಾಕಿದಳು. ಆ ಬಸ್ಸಿನ ಕಂಡಕ್ಟರ್ ಅವಳ ಸಹೋದ್ಯೋಗಿ. ಆದರೂ "ಲಗೇಜ್ ಟಿಕೆಟ್ ತಗೋ, ನಿನ್ನ ಮುಖ ನೋಡಿ ಬಿಡೋಕಾಗಲ್ಲ" ಎಂದು ರೇಗಿಸಿದ. "ಕೊಡು, ಅದನ್ನೂ ಬರೀತೀನಿ" ಎಂದಳು. ಹಾಗೆಂದಳೆಂಬುದನ್ನು ನೀನು ಗಮನಿಸಬೇಕು.

ಉಳಿದವರ ಮನೆಗಳಿಗೆ ನಿನ್ನೆಯಿಂದ ಹೋಗುತ್ತಿದ್ದೇನೆ. ಗೋದಾಮಿನ ಕಾವಲುಗಾರ ನನ್ನನ್ನು ಕೂರಿಸಿ, ನೀರು ಕೊಟ್ಟು, "ಮರೆತುಹೋಯ್ತು ಸ್ವಾಮಿ, ಬರೆದಮೇಲೆ ತಲೆಯಿಂದ ಇಳಿಸಿಬಿಟ್ಟೆ" ಎಂದ. ಗೇಟಿನ ತನಕ ಬಂದು ಕಳುಹಿಸಿಕೊಟ್ಟ.

ಇಂದು ಲಾಂಡ್ರಿಗೆ ಹೋದೆ. ಶುದ್ಧ ಪ್ರತಿಯ ನಕಲನ್ನು ಅವನಿಗೆ ತೋರಿಸಿ, ಇದು ನಿನ್ನದಲ್ಲ, ನಿನ್ನದನ್ನು ಮತ್ತೆ ಹೇಳು ಎಂದೆ. ಅವನು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ತುಟಿ ಆಡಿಸುತ್ತಾ ಕೊನೆಯವರೆಗೆ ಓದಿದ. ಮುಖ ಅರಳಿತು. "ಎಷ್ಟು ಚೆನ್ನಾಗಿ ಬರೆದಿದ್ದೀರಿ ಸ್ವಾಮಿ! ನಂದೇನಿತ್ತು, ಬರೀ ಕಸ. ಇದನ್ನೇ ನನ್ನ ಹೆಸರಲ್ಲಿ ಇಟ್ಕೊಳ್ಳಲಾ?"

ತಂಗೀ, ಇಷ್ಟು ವರ್ಷ ಇಂಥ ಮಾತಿಗಾಗಿಯೇ ಬರೆದವನು ನಾನು. ಇಂದು ಅದನ್ನು ಕೇಳಿ ಬಂದವನಿಗೆ ಊಟ ಸೇರಲಿಲ್ಲ. ಅವನು ಅದನ್ನು ಗೋಡೆಗೆ ಅಂಟಿಸಿಕೊಂಡುಬಿಡುತ್ತಾನೋ ಎಂಬ ಭಯ ಹತ್ತಿದೆ. ಈ ಕಾಗದವನ್ನು ಅಂಚೆಗೆ ಹಾಕಿ ಸೀದಾ ಅವನಲ್ಲಿಗೇ ಹೋಗುತ್ತೇನೆ. ಅಂಗಡಿ ಮುಚ್ಚಲು ಇನ್ನೂ ಸಮಯವಿದೆ. ಆ ಪ್ರತಿಯನ್ನು ವಾಪಸು ಈಸಿಕೊಂಡು, ನಿನ್ನ ಕಸವೇ ನನಗೆ ಬೇಕಪ್ಪಾ ಎಂದು ಹೇಳುತ್ತೇನೆ. ಅವನು ಬಟ್ಟೆ ತಿಕ್ಕುತ್ತಲೇ ಹೇಳಲಿ, ನಾನು ಬಾಗಿಲಲ್ಲಿ ನಿಂತು ಬರೆದುಕೊಳ್ಳುತ್ತೇನೆ.

ಅಣ್ಣ